ಅಣ್ಣನ ಅಕ್ಷರವಿದ್ದ ಕಪಿಲ್ ಕಾರ್ಡು



2022ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಒಂದು ಬೇಸ್‌ಬಾಲ್ ಕಾರ್ಡು ಹರಾಜಾಯಿತು. ಮಿಕಿ ಮ್ಯಾಂಟಲ್ ಎಂಬ ಆಟಗಾರನದು, 1952ರಲ್ಲಿ ಟಾಪ್ಸ್ ಕಂಪನಿ ಅಚ್ಚು ಹಾಕಿದ್ದು. ಬೆಲೆ 1.26 ಕೋಟಿ ಡಾಲರ್! ಎಪ್ಪತ್ತು ವರ್ಷವಾದರೂ ಮೂಲೆ ಮಾಸಿರಲಿಲ್ಲ ಎಂಬುದೇ ಅದರ ಹೆಚ್ಚುಗಾರಿಕೆ. ಯಾವ ಮಗುವೂ ಅದನ್ನು ಜೇಬಿಗೆ ತುರುಕಿಕೊಂಡು ಆಡಿರಲಿಲ್ಲ.

ಚಿಕ್ಕಂದಿನಲ್ಲಿ ನಮಗೆ ಸಿಕ್ಕಿದ್ದು ಬಿಗ್ ಫನ್ ಬಬಲ್‌ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಚಿತ್ರಗಳು, ಆಮೇಲೆ ಟ್ರಂಪ್ ಕಾರ್ಡು. ಆಟಗಾರನ ಫೋಟೊ, ಕೆಳಗೆ ಪಂದ್ಯ, ರನ್, ವಿಕೆಟ್, ಕ್ಯಾಚ್. ನಮ್ಮ ಅಂಕಿ ಹೆಚ್ಚಿದ್ದರೆ ಎದುರಾಳಿಯ ಕಾರ್ಡೂ ನಮ್ಮದೇ. ಬೀದಿಯಲ್ಲಿ ಮರಾಠಿಯಲ್ಲಿ ಆಡಿದ ಆಟವನ್ನೇ ಮನೆಯಲ್ಲಿ ಕನ್ನಡದಲ್ಲಿ ಆಡುತ್ತಿದ್ದೆವು. ಬಿನ್ನಿ ಬಂದರೆ ಅಪ್ಪ ಪೇಪರು ಕೆಳಗಿಟ್ಟು, "ನಮ್ಮ ಬೆಂಗಳೂರಿನ ಹುಡುಗ. 83ರ ವಿಶ್ವಕಪ್‌ನಲ್ಲಿ 18 ವಿಕೆಟ್, ಎಲ್ಲರಿಗಿಂತ ಜಾಸ್ತಿ" ಅನ್ನುತ್ತಿದ್ದರು. ಪುಣೆಯಲ್ಲಿ ಬೆಳೆದ ನಮಗೆ ಅಪ್ಪನ ಊರು ಹತ್ತಿರವಾದದ್ದು ಇಂಥ ಮಾತುಗಳಲ್ಲಿ.

ಕಾರ್ಡಿನ ಅಂಕಿ ಅಚ್ಚಾದ ದಿನಕ್ಕೇ ನಿಂತುಬಿಡುತ್ತದೆ, ಕಪಿಲ್ ನಿಲ್ಲುತ್ತಿರಲಿಲ್ಲ. ಅಣ್ಣ ಪ್ರತಿ ಟೆಸ್ಟ್ ಮುಗಿದ ಮೇಲೆ ಕಪಿಲ್ ಕಾರ್ಡಿನಲ್ಲಿದ್ದ ವಿಕೆಟ್‌ಗಳ ಹಳೆಯ ಅಂಕಿ ಹೊಡೆದುಹಾಕಿ ನೀಲಿ ಬಾಲ್‌ಪೆನ್ನಿನಲ್ಲಿ ಹೊಸದು ಬರೆಯುತ್ತಿದ್ದ. ಯಾರಾದರೂ ತಕರಾರು ತೆಗೆದರೆ ಪೇಪರಿನಿಂದ ಕತ್ತರಿಸಿಟ್ಟ ಸ್ಕೋರು ತೋರಿಸುತ್ತಿದ್ದ. ಜಾಗ ಸಾಲದೆ ಅಂಕಿಗಳು ಕಪಿಲ್‌ನ ಪ್ಯಾಂಟಿನ ಮೇಲೂ ಹತ್ತಿವೆ. 1994ರ ಫೆಬ್ರವರಿಯಲ್ಲಿ, ಅಹಮದಾಬಾದಿನಲ್ಲಿ ಹ್ಯಾಡ್ಲಿಯ 431 ಟೆಸ್ಟ್ ವಿಕೆಟ್‌ಗಳ ದಾಖಲೆ ದಾಟಿದಾಗ ಬರೆದ 432ರ ಕೆಳಗೆ ಎರಡು ಗೆರೆ ಇವೆ. ಕೊನೆಯದು 434.

ಹರಾಜಿನವರ ಲೆಕ್ಕದಲ್ಲಿ ಇದು ಕೆಟ್ಟುಹೋದ ಕಾರ್ಡು. ಆ ಗೀಚು ಇಲ್ಲದಿದ್ದರೆ ಅದನ್ನು ನಾನು ಇಷ್ಟು ವರ್ಷ ಕಾಪಾಡುತ್ತಲೇ ಇರಲಿಲ್ಲ. ಹೀಗೆ ಮನೆಯವರ ನೆನಪಿಗೆ ಕಾಪಾಡಿದ್ದಕ್ಕೆ ಪುಣೆಯಲ್ಲೇ ಉದಾಹರಣೆ ಇದೆ: ಬಾಜೀರಾವ್ ರಸ್ತೆಯ ರಾಜಾ ಕೇಳಕರ ಸಂಗ್ರಹಾಲಯವನ್ನು ನೀವೆಲ್ಲ ನೋಡಿರುತ್ತೀರಿ. ಅದಕ್ಕೆ ದಿನಕರ ಕೇಳಕರರು ಇಟ್ಟದ್ದು ಎಳವೆಯಲ್ಲೇ ತೀರಿಕೊಂಡ ತಮ್ಮ ಮಗನ ಹೆಸರು. ಅಲ್ಲಿನ ಅಡಕತ್ತರಿ, ದೀಪಗಳೂ ಮನೆಮಂದಿಯ ಕೈಯಲ್ಲಿ ಓಡಾಡಿದವೇ.

ಹಳೆ ಕಾರ್ಡು ಇದ್ದವರು ದಯವಿಟ್ಟು ಲ್ಯಾಮಿನೇಟ್ ಮಾಡಿಸಬೇಡಿ, ಸೆಲೋಟೇಪ್ ಹಚ್ಚಬೇಡಿ. ಅಂಟು ಹಳದಿಯಾಗಿ ಕಾಗದವನ್ನು ಹಾಳುಮಾಡುತ್ತದೆ. ನಮ್ಮ ಮಳೆಗಾಲದಲ್ಲಿ ಥಂಡಿ ಹಿಡಿಯುವ ಗೋಡೆಯಿಂದ ದೂರವಿಡಿ. ಯಾರದು, ಯಾರಿಂದ ಗೆದ್ದದ್ದು ಎಂದು ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ. ಹೇಳುವ ಹಿರಿಯರು ಇರುವಾಗಲೇ ಕೇಳಿಕೊಳ್ಳಿ. ಇವತ್ತು ತಂದವರು ಈ ಮೇಜಿನ ಹತ್ತಿರ ಬನ್ನಿ. ಗುಂಡಪ್ಪ ವಿಶ್ವನಾಥ್ ಇರುವ ಕಾರ್ಡು ನನಗಿನ್ನೂ ಸಿಕ್ಕಿಲ್ಲ. ಯಾರಾದರೂ ತಂದಿದ್ದರೆ ಮೊದಲು ಅದನ್ನೇ ನೋಡೋಣ.