ಲೋಳೆಯೊಳಗಿನ ಸರ

ಬೆಂಡೆಕಾಯಿ ಹೆಚ್ಚಿದ ಕೈಗೆ ಲೋಳೆಯ ಪರಿಚಯ ಬೇಕಿಲ್ಲ. ನಾನಿಂದು ಹೇಳಹೊರಟ ಲೋಳೆ ಮಾತ್ರ ಬಹು ದೂರದ್ದು. ಪೆಸಿಫಿಕ್ ಸಾಗರದ ಪೂರ್ವದ ಏಣಿನಲ್ಲಿ, ಸುಮಾರು 2600 ಮೀಟರ್ ಆಳದಲ್ಲಿ, ನೆಲದ ಬಿರುಕುಗಳಿಂದ ಬಿಸಿನೀರು ಉಕ್ಕುತ್ತದೆ. ಅಲ್ಲಿ ಕೊಳವೆ ಕಟ್ಟಿಕೊಂಡು ಬದುಕುವ ಪಾಂಪೇ ಹುಳುವಿನಿಂದ ಒಂದು ಬ್ಯಾಕ್ಟೀರಿಯವನ್ನು ಬೇರ್ಪಡಿಸಿದ ಫ್ರೆಂಚ್ ವಿಜ್ಞಾನಿಗಳು 1997ರಲ್ಲಿ ಅದಕ್ಕೆ ಸೈತಾನನ ಹೆಸರನ್ನೇ ಇಟ್ಟರು: ವಿಬ್ರಿಯೊ ಡಯಾಬೋಲಿಕಸ್. ಸಕ್ಕರೆ ಉಣಿಸಿ ಬೆಳೆಸಿದರೆ ಅದು ಲೋಳೆ ಸುರಿಸುತ್ತದೆ.

ಆ ಲೋಳೆ ಒಂದು ಪಾಲಿಸ್ಯಾಕರೈಡ್, ಸಕ್ಕರೆಯ ಮಣಿ ಪೋಣಿಸಿದ ಉದ್ದನೆಯ ಸರ. ಅದರ ರಚನೆ 1999ರಲ್ಲಿ ಪ್ರಕಟವಾಯಿತು. ಎರಡು ಗ್ಲುಕ್ಯುರೋನಿಕ್ ಆಮ್ಲ, ಒಂದು ಅಸಿಟೈಲ್ ಗ್ಲುಕೋಸಮೀನ್, ಒಂದು ಅಸಿಟೈಲ್ ಗ್ಯಾಲಕ್ಟೋಸಮೀನ್: ಈ ನಾಲ್ಕೇ ಮಣಿಗಳು ಮತ್ತೆ ಮತ್ತೆ ಬರುತ್ತವೆ. ಕವಲಿಲ್ಲ.

ಮಣಿ ಎಣಿಸಿದರೆ ಸರ ತಿಳಿದಂತಾಗುವುದಿಲ್ಲ. ಅನ್ನದ ಪಿಷ್ಟದಲ್ಲೂ ಹತ್ತಿಯ ನೂಲಿನಲ್ಲೂ ಇರುವುದು ಗ್ಲುಕೋಸೇ. ಮಣಿಗಳ ನಡುವಿನ ಬಂಧದ ದಿಕ್ಕು ಆಲ್ಫಾ ಆದರೆ ಊಟ, ಬೀಟಾ ಆದರೆ ಬಟ್ಟೆ! ಆದ್ದರಿಂದ ಯಾವ ಮಣಿಯ ಎಷ್ಟನೆಯ ಇಂಗಾಲಕ್ಕೆ ಗಂಟು ಬಿದ್ದಿದೆ ಎಂಬುದನ್ನು ಪತ್ತೆಹಚ್ಚಬೇಕು. ಅದಕ್ಕೊಂದು ಸೊಗಸಾದ ಉಪಾಯವಿದೆ, ನನಗಂತೂ ಬಹಳ ಅಚ್ಚುಮೆಚ್ಚು. ಸರದಲ್ಲಿ ಬಿಡಿಯಾಗಿರುವ ಹೈಡ್ರಾಕ್ಸಿಲ್‌ಗಳಿಗೆಲ್ಲ ಮೊದಲು ಮೀಥೈಲ್ ಟೋಪಿ ತೊಡಿಸುತ್ತಾರೆ. ಆಮೇಲೆ ಸರವನ್ನು ಕಡಿಯುತ್ತಾರೆ. ಟೋಪಿಯಿಲ್ಲದೆ ಹೊರಬಂದ ಜಾಗವೇ ಗಂಟಿನ ಗುರುತು. ಗ್ಲುಕ್ಯುರೋನಿಕ್ ಆಮ್ಲದಂಥ ಯುರಾನಿಕ್ ಆಮ್ಲಗಳ ಬಂಧ ಮಾತ್ರ ಸುಲಭಕ್ಕೆ ಮಣಿಯುವುದಿಲ್ಲ, ಅದಕ್ಕೆ ಬೇರೆ ಪಟ್ಟು ಹಾಕಬೇಕು. ಗಂಟು ಆಲ್ಫಾವೋ ಬೀಟಾವೋ, ಯಾರ ಪಕ್ಕ ಯಾರು ಎಂಬುದನ್ನು ಎನ್‌ಎಂಆರ್ (ಪರಮಾಣು ಕಾಂತೀಯ ಅನುರಣನ) ಎಂಬ ವಿಧಾನ ಹೇಳುತ್ತದೆ.

ಹೀಗೆ ಓದಿ ನೋಡಿದಾಗ ಎದುರಾದದ್ದು ನಮ್ಮದೇ ಮೈಯ ನೆಂಟ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ದನದ ಕಣ್ಣಿನೊಳಗಿನ ಲೋಳೆಯಿಂದ ಹಯಲುರಾನಿಕ್ ಆಮ್ಲವನ್ನು ಬೇರ್ಪಡಿಸಿದ್ದರು. ನಮ್ಮ ಕಣ್ಣಿನಲ್ಲೂ ಕೀಲುಗಳಲ್ಲೂ ಅದಿದೆ. ಅದರಲ್ಲಿ ಮರುಕಳಿಸುವುದು ಗ್ಲುಕ್ಯುರೋನಿಕ್ ಆಮ್ಲ, ಅಸಿಟೈಲ್ ಗ್ಲುಕೋಸಮೀನ್ ಎಂಬ ಎರಡೇ ಮಣಿ. ಎರಡೂ ಸೈತಾನನ ಸರದಲ್ಲಿವೆ. ಗಂಟುಗಳು ಬೇರೆ, ಮನೆತನ ಒಂದೇ. ಗ್ಲುಕ್ಯುರೋನಿಕ್ ಆಮ್ಲದ ಋಣ ವಿದ್ಯುದಂಶದಿಂದಾಗಿ ಎರಡು ಸರಗಳೂ ನೀರನ್ನು ಬಿಗಿಯಾಗಿ ಹಿಡಿದಿಡುತ್ತವೆ.

ಈ ನೆಂಟಸ್ತನವನ್ನು ನಂಬಿಯೇ ಸಂಶೋಧಕರು ಇಲಿಗಳ ತಲೆಬುರುಡೆಯಲ್ಲಿ ಮಾಡಿದ ರಂಧ್ರಗಳಿಗೆ ಬ್ಯಾಕ್ಟೀರಿಯದ ಲೋಳೆ ತುಂಬಿದರು. 2003ರಲ್ಲಿ ಫಲಿತಾಂಶ ಪ್ರಕಟವಾಯಿತು: ರಂಧ್ರದೊಳಗೆ ಹೊಸ ಮೂಳೆ ಬೆಳೆದಿತ್ತು.