ಬೊಹೀಮಿಯಾದ ಟ್ರೈಲೋಬೈಟ್‌ಗಳ ಕುಲನಿರ್ಣಯ

ಚೆಕ್ ದೇಶದ ಪ್ರಾಗ್ ನಗರದಿಂದ ನೈಋತ್ಯಕ್ಕೆ ಹಬ್ಬಿರುವ ಪದರಶಿಲೆಗಳ ಸೀಮೆಗೆ ಬಾರಾಂಡಿಯನ್ ಎಂದು ಹೆಸರು. ಸ್ಕ್ರಿಯೆ ಮತ್ತು ಯಿನ್ಸೆ ಊರುಗಳ ಸುತ್ತಲಿನ ಕೇಂಬ್ರಿಯನ್ ಶಿಲೆಗಳು ಸುಮಾರು 50 ಕೋಟಿ ವರ್ಷ ಹಳೆಯವು. ಅವುಗಳ ನಂತರ, ಆರ್ಡೊವಿಷಿಯನ್‌ನಿಂದ ಡೆವೊನಿಯನ್ ಕಾಲದ ನಡುಭಾಗದವರೆಗೆ, ಪ್ರಾಗ್ ಬೇಸಿನ್ನಿನ ಕಡಲ ತಳದಲ್ಲಿ ಕೆಸರು, ಮರಳು, ಸುಣ್ಣ ಕೂತು ಕಲ್ಲಾಗುತ್ತ ಹೋದವು. ಅಳಿದುಹೋದ ಕಡಲ ಸಂಧಿಪದಿಗಳಾದ ಟ್ರೈಲೋಬೈಟ್‌ಗಳು ಈ ಎಲ್ಲ ಕಾಲದವೂ ಇಲ್ಲಿ ಸಿಗುತ್ತವೆ.

ಸೀಮೆಗೆ ಹೆಸರು ಬಂದದ್ದು ಫ್ರೆಂಚ್ ಎಂಜಿನಿಯರ್ ಬಾರಾಂಡ್ (1799–1883) ಅವರಿಂದ. 1830ರಲ್ಲಿ ಸಿಂಹಾಸನ ಕಳೆದುಕೊಂಡ ಫ್ರಾನ್ಸಿನ ದೊರೆ ಹತ್ತನೆಯ ಚಾರ್ಲ್ಸ್‌ನ ಮೊಮ್ಮಗನಿಗೆ ಪಾಠ ಹೇಳುತ್ತಿದ್ದ ಅವರು, ಆ ಮನೆತನದ ಜೊತೆಗೇ ದೇಶ ಬಿಟ್ಟು ಪ್ರಾಗ್‌ಗೆ ಬಂದರು. ಕುದುರೆ ಎಳೆಯುವ ರೈಲಿನ ದಾರಿಗೆ ಸರ್ವೆ ಮಾಡುವಾಗ ಸ್ಕ್ರಿಯೆಯ ಪಳೆಯುಳಿಕೆಗಳು ಕಣ್ಣಿಗೆ ಬಿದ್ದವು. ಉಳಿದ ಆಯುಷ್ಯವೆಲ್ಲ ಅವಕ್ಕೇ ಸಂದಿತು. 1852ರಲ್ಲಿ ಹೊರಬಂದ ಅವರ ಗ್ರಂಥಮಾಲೆಯ ಮೊದಲ ಸಂಪುಟ ಟ್ರೈಲೋಬೈಟ್‌ಗಳಿಗೇ ಮೀಸಲು.

ಟ್ರೈಲೋಬೈಟ್‌ನ ಬೆನ್ನಿನ ಚಿಪ್ಪಿನಲ್ಲಿ ತಲೆ, ಖಂಡಖಂಡವಾದ ಎದೆ, ಬಾಲ ಎಂಬ ಮೂರು ಭಾಗ. ಬೆಳೆಯುವ ಪ್ರಾಣಿ ಹಾವು ಪೊರೆ ಬಿಡುವಂತೆ ಈ ಚಿಪ್ಪನ್ನು ಮತ್ತೆಮತ್ತೆ ಕಳಚುತ್ತಿತ್ತು. ಹೀಗಾಗಿ ಕಲ್ಲಿನಲ್ಲಿ ಸಿಗುವುದು ಹೆಚ್ಚಾಗಿ ಬಿಡಿ ಚೂರುಗಳು. ಯಾವ ತಲೆಗೆ ಯಾವ ಬಾಲ ಎಂಬುದು ಖಚಿತವಾಗಬೇಕಾದರೆ ಒಂದಾದರೂ ಇಡೀ ಮಾದರಿ ಬೇಕು. ಯಿನ್ಸೆಯ ಎಲಿಪ್ಸೊಸೆಫಾಲಸ್ ಹೊಫಿ ಇಡಿಯಾಗಿಯೇ ಸಿಗುವುದರಿಂದ ಅಲ್ಲಿ ಈ ತಾಪತ್ರಯವಿಲ್ಲ.

ಇದಕ್ಕಿಂತ ದೊಡ್ಡ ತೊಡಕು ವಯಸ್ಸಿನದು. ಬಾರಾಂಡ್‌ರ ಪ್ರತಿಸ್ಪರ್ಧಿ ಕೊರ್ಡಾ 1847ರ ಕೃತಿಯಲ್ಲಿ ಸ್ಕ್ರಿಯೆಯ ಪುಟ್ಟ ಚಿಪ್ಪುಗಳಿಗೆ ಬೇರೆಬೇರೆ ಕುಲ, ಪ್ರಭೇದಗಳ ಹೆಸರಿಟ್ಟರು. ಬಾರಾಂಡ್ ಅವನ್ನೇ ಗಾತ್ರದ ಕ್ರಮದಲ್ಲಿ ಜೋಡಿಸಿದರು. ಎದೆಯ ಖಂಡಗಳೇ ಇಲ್ಲದ ಮರಿಯಿಂದ 17 ಖಂಡಗಳ ಪ್ರೌಢ ಜೀವಿಯವರೆಗೆ ಅವೆಲ್ಲ ಸಾವೊ ಹಿರ್ಸುಟಾ ಎಂಬ ಒಂದೇ ಪ್ರಭೇದದ ಬೆಳವಣಿಗೆಯ ಹಂತಗಳೆಂದು ಗೊತ್ತಾಯಿತು. ಹೊಸ ಹೆಸರು ಇಡುವುದಕ್ಕಿಂತ ಇಟ್ಟ ಹೆಸರನ್ನು ಅಳಿಸುವುದೇ ಇಲ್ಲಿ ದೊಡ್ಡ ಸಾಧನೆ. ಆದರೆ ಕೊರ್ಡಾ ಬಿದ್ದ ಹಳ್ಳಕ್ಕೆ ಬಾರಾಂಡ್ ಕೂಡ ಬಿದ್ದಿದ್ದರು. 1846ರಲ್ಲಿ ಅವರು ಹೈಡ್ರೊಸೆಫಾಲಸ್ ಎಂದು ಹೆಸರಿಸಿದ್ದ ಬುರುಡೆ ಉಬ್ಬಿದ ಪುಟ್ಟ ಜೀವಿಗಳು, ಗೇಣುದ್ದ ಬೆಳೆಯುವ ಪ್ಯಾರಡಾಕ್ಸಿಡಿಡ್ ಎಂಬ ಗುಂಪಿನ ಟ್ರೈಲೋಬೈಟ್‌ಗಳ ಮರಿಗಳೆಂದು ಆಮೇಲೆ ತಿಳಿಯಿತು. ಹೆಸರು ಮಾತ್ರ ಉಳಿದುಕೊಂಡಿತು. ಈಗ ಅದು ಪ್ರೌಢ ಪ್ರಾಣಿಗಳಿಗೂ ಸಲ್ಲುತ್ತದೆ.

ಎದೆಯ ಖಂಡಗಳ ಸಂಖ್ಯೆಯೂ ಸದಾ ನಂಬುವಂಥದ್ದಲ್ಲ. ಬಹುಪಾಲು ಪ್ರಭೇದಗಳಲ್ಲಿ ಪ್ರೌಢಾವಸ್ಥೆಗೆ ಬಂದ ಮೇಲೆ ಅದು ಸ್ಥಿರ. ಲೊಡೆನಿಟ್ಸೆ ಬಳಿಯ ಸೈಲೂರಿಯನ್ ಶಿಲೆಗಳಲ್ಲಿ ಹೇರಳವಾಗಿ ಸಿಗುವ ಔಲಕೊಪ್ಲೂರಾ ಕೊನಿಂಕಿ ಈ ಕಟ್ಟಳೆಗೆ ಹೊರತು: ಪ್ರೌಢ ಮಾದರಿಗಳಲ್ಲಿ 18ರಿಂದ 22 ಖಂಡಗಳು. ಎಣಿಕೆಯೊಂದನ್ನೇ ನೆಚ್ಚಿದರೆ ಇದೇ ಐದು ಪ್ರಭೇದವಾದೀತು.

ಪ್ರಭೇದಗಳನ್ನು ದೊಡ್ಡ ಗುಂಪುಗಳಿಗೆ ಸೇರಿಸುವಾಗ ಲಕ್ಷಣದ ಆಯ್ಕೆಯೇ ಬದಲಾಗುತ್ತ ಬಂದಿದೆ. ಬಾರಾಂಡ್ ನೋಡಿದ್ದು ಎದೆಖಂಡದ ಪಕ್ಕೆಯಲ್ಲಿ ತೋಡು ಇದೆಯೋ ಏಣು ಇದೆಯೋ ಎಂಬುದನ್ನು. 1897ರಲ್ಲಿ ಅಮೆರಿಕದ ಬೀಚರ್ ತಲೆಯ ಮೇಲಿನ ಹೊಲಿಗೆಗೆರೆಯನ್ನು ಆಧಾರವಾಗಿಟ್ಟುಕೊಂಡರು. ಪೊರೆ ಕಳಚುವಾಗ ತಲೆಚಿಪ್ಪು ಬಿಚ್ಚಿಕೊಳ್ಳುವ ಗೆರೆ ಅದು. ಒಂದೇ ಬಗೆಯ ಗೆರೆ ಸಂಬಂಧವಿಲ್ಲದ ವಂಶಗಳಲ್ಲೂ ಮೂಡಿರುವುದರಿಂದ ಆ ವಿಂಗಡಣೆ ನಿಲ್ಲಲಿಲ್ಲ. ಬ್ರಿಟನ್ನಿನ ರಿಚರ್ಡ್ ಫೋರ್ಟಿ ಹೊಟ್ಟೆಯ ಕಡೆಗೆ, ಬಾಯಿಯ ಬಳಿಯ ಹೈಪೊಸ್ಟೋಮ್ ಫಲಕದತ್ತ ಗಮನ ತಿರುಗಿಸಿದರು. ಆ ಫಲಕ ತಲೆಯ ಅಂಚಿಗೆ ಅಂಟಿದೆಯೋ ಬಿಡಿಯಾಗಿದೆಯೋ ಎಂಬುದು, ಮರಿಗಳ ರೂಪದ ಜೊತೆಗೆ, ಇಂದಿನ ಗಣಗಳ ನಿರ್ಣಯದಲ್ಲಿ ತೂಕದ ಸಾಕ್ಷ್ಯ.

ಆಗ್ನೊಸ್ಟಿಡ್‌ಗಳ ವ್ಯಾಜ್ಯ ಇದರಿಂದಲೂ ತೀರಿಲ್ಲ. ಎದೆಯಲ್ಲಿ ಎರಡೇ ಖಂಡಗಳ, ಕಣ್ಣಿಲ್ಲದ ಈ ಕಿರುಜೀವಿಗಳು ಸ್ಕ್ರಿಯೆಯಲ್ಲೂ ಇವೆ, ಪೆರೊನಾಪ್ಸಿಸ್ ಅವುಗಳಲ್ಲೊಂದು. ಸ್ವೀಡನ್ನಿನಲ್ಲಿ ಕಾಲುಗಳ ಸಮೇತ ಸಿಕ್ಕ ಮಾದರಿಗಳನ್ನು 1987ರಲ್ಲಿ ವಿವರಿಸಿದ ಮೇಲೆ, ಇವು ಟ್ರೈಲೋಬೈಟ್‌ಗಳಲ್ಲ, ಸಿಗಡಿ-ಏಡಿಗಳ ಕಡೆಯವು ಎಂಬ ವಾದ ಬಲವಾಯಿತು. ಕೆನಡಾದ ಬರ್ಜೆಸ್ ಶೇಲ್‌ನ ಮಾದರಿಗಳ 2019ರ ಅಧ್ಯಯನ ಅವನ್ನು ಮತ್ತೆ ಟ್ರೈಲೋಬೈಟ್‌ಗಳ ಹತ್ತಿರಕ್ಕೆ ತಂದಿತು.