ಒಂದು ಯೂನಿಟ್ ಕರೆಂಟಿಗೆ ಎಷ್ಟು ಕೆಲಸ?

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



"ನೀನು ಬೆಂಗಳೂರಲ್ಲಿ ಏನು ಕೆಲಸ ಮಾಡುತ್ತೀಯ ಅಂತ ಊರಿನವರಿಗೆ ಅರ್ಥವಾಗೋ ಹಾಗೆ ಹೇಳಪ್ಪ" ಎಂದು ಸಮಿತಿಯ ಹಿರಿಯರು ಅಪ್ಪಣೆ ಕೊಟ್ಟಿದ್ದಾರೆ. ಒಂದೇ ಮಾತಿನಲ್ಲಿ ಹೇಳುವುದಾದರೆ, ಕಂಪನಿಗಳ ಸರ್ವರ್‌ಗಳು ಕಡಿಮೆ ಕರೆಂಟಿನಲ್ಲಿ ಹೆಚ್ಚು ಕೆಲಸ ಮಾಡುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಇದರಲ್ಲಿ ಊರಿಗೆ ಸಂಬಂಧಪಟ್ಟದ್ದು ಏನಿದೆ ಎಂದು ನಿಮಗೆ ಅನ್ನಿಸಬಹುದು. ಇದೆ. ಕೊನೆಯಲ್ಲಿ ನಮ್ಮ ಶಾಲೆಗೇ ಸಂಬಂಧಪಟ್ಟ ಒಂದು ವಿಷಯವನ್ನೂ ನಿಮ್ಮ ಮುಂದೆ ಇಡುತ್ತೇನೆ.

ಸರ್ವರ್ ಎಂದರೆ ಅದೂ ಒಂದು ಕಂಪ್ಯೂಟರೇ. ಅದರ ಮುಂದೆ ಕೂತು ಯಾರೂ ಕೆಲಸ ಮಾಡುವುದಿಲ್ಲ. ಎಲ್ಲೋ ದೂರದಲ್ಲಿ ಕೂತವರು ಕೇಳಿದ್ದಕ್ಕೆ ಅದು ಉತ್ತರ ಕೊಡುತ್ತಿರುತ್ತದೆ. ನೀವು ನಾಡಕಚೇರಿಯಲ್ಲಿ ಪಹಣಿ ಕೇಳಿದಾಗ, ಅಂಗಡಿಯಲ್ಲಿ ಫೋನಿನಿಂದ ದುಡ್ಡು ಕೊಟ್ಟಾಗ, ಎಸ್.ಎಸ್.ಎಲ್.ಸಿ. ಫಲಿತಾಂಶ ನೋಡಿದಾಗ ಉತ್ತರ ಬರುವುದು ಇಂಥ ಯಂತ್ರಗಳಿಂದ. ಅವನ್ನು ಸಾಲು ಸಾಲಾಗಿ ಕಬ್ಬಿಣದ ಚೌಕಟ್ಟುಗಳಲ್ಲಿ ಜೋಡಿಸಿ, ಹಗಲು ರಾತ್ರಿ ಕರೆಂಟು ಕೊಟ್ಟು, ತಂಪು ಗಾಳಿ ಊದಿ ನಡೆಸುವ ಕಟ್ಟಡವೇ ಡೇಟಾ ಸೆಂಟರ್.

ಒಂದು ಸರ್ವರ್ 400 ವಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ದಿನದ 24 ಗಂಟೆಗೆ 9.6 ಯೂನಿಟ್, 30 ದಿನದ ತಿಂಗಳಿಗೆ 288 ಯೂನಿಟ್. ಗೃಹಜ್ಯೋತಿ ಯೋಜನೆಯಲ್ಲಿ ಒಂದು ಮನೆಗೆ ಇರುವ ಮಿತಿ ತಿಂಗಳಿಗೆ 200 ಯೂನಿಟ್. ಇಡೀ ಸಂಸಾರದ ಮಿತಿಯನ್ನು ಮೀರಿ ಕರೆಂಟು ತಿನ್ನುವ ಈ ಪೆಟ್ಟಿಗೆ ನಮ್ಮ ಶಾಲೆಯ ಹಾಜರಿ ಪುಸ್ತಕ ಇಡುವ ಕಪಾಟಿನ ಒಂದು ಅರೆಯಲ್ಲಿ ಹಿಡಿಸುತ್ತದೆ. ದೊಡ್ಡ ಡೇಟಾ ಸೆಂಟರಿನಲ್ಲಿ ಇಂಥವು ಸಾವಿರಗಟ್ಟಲೆ ಇರುತ್ತವೆ.

ಖರ್ಚು ಅಷ್ಟಕ್ಕೇ ನಿಲ್ಲುವುದಿಲ್ಲ. ಸರ್ವರಿಗೆ ಹೋದ ಕರೆಂಟು ಹೆಚ್ಚುಕಡಿಮೆ ಪೂರ್ತಿ ಶಾಖವಾಗಿ ಹೊರಬರುತ್ತದೆ. ಆ ಶಾಖವನ್ನು ಹೊರಗೆ ಹಾಕಲು ಮತ್ತೆ ಕರೆಂಟು ಬೇಕು. ಕಟ್ಟಡಕ್ಕೆ ಬಂದ ಒಟ್ಟು ಕರೆಂಟನ್ನು ಕಂಪ್ಯೂಟರ್ ಸಾಧನಗಳು ಬಳಸಿದ ಕರೆಂಟಿನಿಂದ ಭಾಗಿಸಿದರೆ ಬರುವ ಸಂಖ್ಯೆಗೆ ನಮ್ಮ ಕಸುಬಿನಲ್ಲಿ ಪಿ.ಯು.ಇ. ಎನ್ನುತ್ತೇವೆ. ಅಪ್‌ಟೈಮ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯ ಸಮೀಕ್ಷೆಯಲ್ಲಿ 2007ರಲ್ಲಿ ಇದರ ಸರಾಸರಿ 2.5 ಇತ್ತು. ಅಂದರೆ ಕೆಲಸಕ್ಕೆ ಒಂದು ಯೂನಿಟ್ ಹೋದರೆ ತಂಪು ಮಾಡಲು ಮತ್ತು ನಷ್ಟಕ್ಕೆ ಇನ್ನೂ ಒಂದೂವರೆ ಯೂನಿಟ್. 2024ರ ಹೊತ್ತಿಗೆ ಅದು 1.56ಕ್ಕೆ ಇಳಿದಿದೆ. ಗೂಗಲ್‌ನಂಥ ಕಂಪನಿಯ ದೊಡ್ಡ ಕೇಂದ್ರಗಳಲ್ಲಿ 1.1ರ ಹತ್ತಿರಕ್ಕೆ ಬಂದಿದೆ.

ಇದನ್ನು ಸಾಧಿಸಿದ್ದು ಯಾವ ಮಾಯಾಮಂತ್ರದಿಂದಲೂ ಅಲ್ಲ. ಬಿಸಿಗಾಳಿಯೂ ತಣ್ಣನೆ ಗಾಳಿಯೂ ಬೆರೆಯದಂತೆ ಸಾಲುಗಳ ನಡುವೆ ತಡೆ ಹಾಕಿದರು. ಮೊದಲು ಡೇಟಾ ಸೆಂಟರ್ ಒಳಗೆ ಹೋಗಬೇಕಾದರೆ ಸ್ವೆಟರ್ ಹಾಕಿಕೊಳ್ಳಬೇಕು ಎನ್ನುವಷ್ಟು ಚಳಿ ಇರುತ್ತಿತ್ತು. ಸರ್ವರ್ ಒಳಗೆ ಹೋಗುವ ಗಾಳಿ 18ರಿಂದ 27 ಡಿಗ್ರಿ ಇದ್ದರೆ ಸಾಕು ಎಂದು ಆಶ್ರೇ ಎಂಬ ಇಂಜಿನಿಯರುಗಳ ಸಂಸ್ಥೆ ಶಿಫಾರಸು ಮಾಡಿದೆ. ಇನ್ನು ಫ್ಯಾನಿನ ಲೆಕ್ಕವನ್ನು ವಿದ್ಯಾರ್ಥಿಗಳು ಗಮನವಿಟ್ಟು ಕೇಳಿ. ಫ್ಯಾನ್ ಎಳೆಯುವ ಕರೆಂಟು ಅದರ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಅರ್ಧಕ್ಕೆ ಇಳಿಸಿದರೆ ಖರ್ಚು ಎಂಟರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಒಂದು ಫ್ಯಾನನ್ನು ಜೋರಾಗಿ ತಿರುಗಿಸುವುದಕ್ಕಿಂತ ಎರಡನ್ನು ನಿಧಾನವಾಗಿ ತಿರುಗಿಸುವುದೇ ಲಾಭ.

ಈಗ ಸರ್ವರಿನ ಒಳಗೆ ಹೋಗೋಣ. ಅದರ ಹೃದಯ ಎಂದರೆ ಪ್ರೊಸೆಸರ್. ಅದು ಕೆಲಸ ಮಾಡುವಾಗ ಎಳೆಯುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ಮತ್ತು ವೇಗಕ್ಕೆ ಅನುಪಾತದಲ್ಲಿರುತ್ತದೆ. ವೇಗವನ್ನು ಶೇ. 20ರಷ್ಟು ಇಳಿಸಿ, ಅದರ ಜೊತೆಗೆ ವೋಲ್ಟೇಜನ್ನು ಶೇ. 10ರಷ್ಟು ಇಳಿಸಿದರೆ 0.9 ಗುಣಿಲೆ 0.9 ಗುಣಿಲೆ 0.8, ಅಂದರೆ ಸುಮಾರು 0.65. ವೇಗ ಐದರಲ್ಲಿ ಒಂದು ಪಾಲು ಕಡಿಮೆಯಾದರೆ ಕರೆಂಟು ಮೂರರಲ್ಲಿ ಒಂದು ಪಾಲು ಉಳಿಯಿತು. ಬೈಕನ್ನು ನಲವತ್ತು ಐವತ್ತರಲ್ಲಿ ಓಡಿಸಿದರೆ ಮೈಲೇಜು ಬರುತ್ತದೆ, ಎಂಬತ್ತರಲ್ಲಿ ಓಡಿಸಿದರೆ ಪೆಟ್ರೋಲು ಕುಡಿಯುತ್ತದಲ್ಲ, ಹಾಗೆ.

ಹಾಗಂತ ಯಾವಾಗಲೂ ನಿಧಾನವೇ ಪ್ರಧಾನ ಎನ್ನುವಂತಿಲ್ಲ. ಪ್ರೊಸೆಸರ್ ನಿಧಾನ ಮಾಡಿದರೂ ಮೆಮೊರಿ, ಡಿಸ್ಕ್, ಫ್ಯಾನುಗಳು ಉರಿಯುತ್ತಲೇ ಇರುತ್ತವೆ. ಕೂಲಿಯಾಳುಗಳ ಕೆಲಸ ತಡವಾದರೆ ಬಾಡಿಗೆ ಟ್ರ್ಯಾಕ್ಟರಿಗೆ ಸುಮ್ಮನೆ ದುಡ್ಡು ಕೊಟ್ಟ ಹಾಗೆ. ಕೆಲವು ಕೆಲಸಗಳನ್ನು ಬೇಗ ಮುಗಿಸಿ ಯಂತ್ರವನ್ನು ನಿದ್ದೆಗೆ ಕಳಿಸುವುದೇ ಸರಿ. ಯಾವುದಕ್ಕೆ ಯಾವುದು ಎಂದು ಅಳೆದು ನೋಡಿಯೇ ತೀರ್ಮಾನಿಸಬೇಕು. ನನ್ನ ದಿನದ ಕೆಲಸದಲ್ಲಿ ಅರ್ಧ ಪಾಲು ಈ ಅಳೆಯುವುದೇ.

ಎಲ್ಲಕ್ಕಿಂತ ದೊಡ್ಡ ಪೋಲು ಬೇರೆ ಕಡೆ ಇದೆ. 2007ರಲ್ಲಿ ಗೂಗಲ್‌ನ ಲೂಯಿಜ್ ಬರೋಸೊ ಮತ್ತು ಉರ್ಸ್ ಹೋಲ್ಜ್ಲೆ ಎಂಬ ಇಬ್ಬರು ಇಂಜಿನಿಯರುಗಳು ಒಂದು ಲೇಖನ ಬರೆದರು. ಸರ್ವರ್‌ಗಳು ಹೆಚ್ಚಿನ ಸಮಯ ತಮ್ಮ ಶಕ್ತಿಯ ಶೇ. 10ರಿಂದ 50ರಷ್ಟು ಮಾತ್ರ ಕೆಲಸ ಮಾಡುತ್ತವೆ, ಆದರೆ ಏನೂ ಕೆಲಸವಿಲ್ಲದೆ ಕೂತಾಗಲೂ ಪೂರ್ತಿ ಕೆಲಸದ ಕರೆಂಟಿನ ಸುಮಾರು ಅರ್ಧದಷ್ಟನ್ನು ತಿನ್ನುತ್ತವೆ ಎಂದು ಅವರು ತೋರಿಸಿದರು. ಇಂದಿನ ಸರ್ವರ್‌ಗಳು ಇದರಲ್ಲಿ ಸುಧಾರಿಸಿವೆ. ಆದರೂ ಖಾಲಿ ಕೂತ ಯಂತ್ರಕ್ಕೆ ಕರೆಂಟು ಸೊನ್ನೆ ಆಗುವುದಿಲ್ಲ. ಐದು ಜನರನ್ನು ಕೂರಿಸಿಕೊಂಡ ಬಸ್ಸೂ ಐವತ್ತು ಜನರ ಬಸ್ಸಿನ ಹತ್ತಿರ ಹತ್ತಿರವೇ ಡೀಸೆಲ್ ಸುಡುತ್ತದೆ. ಹತ್ತು ಬಸ್ಸಿನಲ್ಲಿ ಐದೈದು ಜನ ಹೋಗುವ ಬದಲು ಒಂದೇ ಬಸ್ಸಿನಲ್ಲಿ ಐವತ್ತು ಜನ ಹೋದರೆ ಒಂಬತ್ತು ಬಸ್ಸು ಡಿಪೋದಲ್ಲಿ ನಿಲ್ಲಬಹುದು. ವರ್ಚುವಲೈಸೇಶನ್ ಎಂದು ನಾವು ಕರೆಯುವುದು ಇದನ್ನೇ. ಒಂದೇ ಯಂತ್ರದ ಒಳಗೆ ಹತ್ತಾರು ಬೇರೆ ಬೇರೆ ಯಂತ್ರಗಳಿರುವ ಹಾಗೆ ನಡೆಸುವುದು. ಓಡುತ್ತಿರುವ ಕೆಲಸವನ್ನು ನಿಲ್ಲಿಸದೆಯೇ ಇನ್ನೊಂದು ಯಂತ್ರಕ್ಕೆ ಸಾಗಿಸುವುದೂ ಈಗ ಸಾಧ್ಯ.

ಕಂಪನಿಗಳು ಇಷ್ಟೊಂದು ಖಾಲಿ ಬಸ್ಸು ಯಾಕೆ ಇಟ್ಟುಕೊಳ್ಳುತ್ತವೆ? ಫಲಿತಾಂಶದ ದಿನ ಲಕ್ಷಾಂತರ ಜನ ಒಟ್ಟಿಗೆ ನುಗ್ಗುತ್ತಾರೆ ಎಂಬ ಭಯ. ಮಗಳ ಮದುವೆಗೆ ಬೇಕಾಗುತ್ತದೆ ಎಂದು ಸಾವಿರ ಜನಕ್ಕೆ ಅನ್ನ ಬೇಯುವ ಕೊಪ್ಪರಿಗೆಯನ್ನು ಯಾರೂ ಮನೆಗೆ ಕೊಳ್ಳುವುದಿಲ್ಲ. ಶಾಮಿಯಾನದವರ ಹತ್ತಿರ ಬಾಡಿಗೆಗೆ ತರುತ್ತೇವೆ. ಬೇಕಾದ ದಿನ ಬೇಕಾದಷ್ಟನ್ನು ಬಾಡಿಗೆಗೆ ತರುವ ವ್ಯವಸ್ಥೆಗೆ ಕಂಪ್ಯೂಟರ್ ಲೋಕದಲ್ಲಿ ಕ್ಲೌಡ್ ಎಂದು ಹೆಸರು. ಆದರೆ ಬಾಡಿಗೆಗೆ ತಂದ ಪಾತ್ರೆಯನ್ನು ವಾಪಸ್ ಕೊಡಲು ಮರೆತರೆ? ಅದೂ ಆಗುತ್ತದೆ. 2015ರಲ್ಲಿ ಜೊನಾಥನ್ ಕೂಮಿ ಮತ್ತು ಜಾನ್ ಟೇಲರ್ ಸುಮಾರು 4,000 ಸರ್ವರ್‌ಗಳ ಮಾಹಿತಿ ಪರಿಶೀಲಿಸಿದಾಗ ಅವುಗಳಲ್ಲಿ ಸುಮಾರು ಶೇ. 30ರಷ್ಟು ಆರು ತಿಂಗಳು ಅಥವಾ ಹೆಚ್ಚು ಕಾಲದಿಂದ ಯಾವ ಉಪಯುಕ್ತ ಕೆಲಸವನ್ನೂ ಮಾಡಿರಲಿಲ್ಲ. ನಾನು ಹೋದ ಒಂದು ಕಡೆಯೂ ಇಂಥ ಯಂತ್ರ ನೋಡಿದ್ದೇನೆ. ಅದನ್ನು ಬಳಸುತ್ತಿದ್ದ ವಿಭಾಗ ಮುಚ್ಚಿ ಹೋಗಿತ್ತು, ಹಸಿರು ದೀಪ ಮಾತ್ರ ಮಿಟುಕುತ್ತಿತ್ತು. "ಆರಿಸಿದರೆ ಎಲ್ಲಿ ಏನು ಕೆಡುತ್ತದೋ" ಎಂದು ಯಾರಿಗೂ ಧೈರ್ಯವಿರಲಿಲ್ಲ. ಯಾವ ಯಂತ್ರ ಯಾರದು ಎಂದು ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದರೆ ಸಾಕಿತ್ತು.

ಸಾಫ್ಟ್‌ವೇರ್ ಬರೆಯುವವರ ಪಾಲೂ ಇದೆ. ಮೇಷ್ಟ್ರು ಅರವತ್ತು ಮಕ್ಕಳ ಅಂಕಪಟ್ಟಿ ತರಲು ಜವಾನರನ್ನು ಆಫೀಸಿಗೆ ಅರವತ್ತು ಸಲ ಕಳಿಸಬಹುದು, ಇಲ್ಲವೇ ಪಟ್ಟಿ ಬರೆದುಕೊಟ್ಟು ಒಂದೇ ಸಲ ತರಿಸಬಹುದು. ಕೇಳಲು ತಮಾಷೆ ಎನಿಸಿದರೂ ಅರವತ್ತು ಸಲ ಓಡಿಸುವ ಪ್ರೋಗ್ರಾಮುಗಳು ಬೇಕಾದಷ್ಟಿವೆ. ಅದನ್ನು ಸರಿಪಡಿಸಿದರೆ ಉತ್ತರ ಬೇಗ ಬರುತ್ತದೆ, ಕರೆಂಟೂ ಉಳಿಯುತ್ತದೆ. ಇಲ್ಲಿ ವೇಗಕ್ಕೂ ಉಳಿತಾಯಕ್ಕೂ ಜಗಳವೇ ಇಲ್ಲ.

ಇನ್ನೊಂದು ಉದಾಹರಣೆ ನೇರವಾಗಿ ಹತ್ತನೇ ತರಗತಿ ಪುಸ್ತಕದ್ದು. ತಂತಿಯಲ್ಲಿ ಹುಟ್ಟುವ ಶಾಖ ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂದು ನಮ್ಮ ವಿಜ್ಞಾನದ ಮೇಷ್ಟ್ರು ಬೋರ್ಡಿನ ಮೇಲೆ ಬರೆಸುತ್ತಿದ್ದರು. ಸರ್ವರ್‌ಗಳ ಚೌಕಟ್ಟಿನಲ್ಲಿ ಮೊದಲು 12 ವೋಲ್ಟಿನಲ್ಲಿ ವಿದ್ಯುತ್ ಹಂಚುತ್ತಿದ್ದರು. ಈಗ 48 ವೋಲ್ಟಿಗೆ ಹೋಗುತ್ತಿದ್ದಾರೆ. ವೋಲ್ಟೇಜು ನಾಲ್ಕು ಪಟ್ಟಾದರೆ ಅಷ್ಟೇ ವಾಟಿಗೆ ಪ್ರವಾಹ ಕಾಲು ಭಾಗ ಸಾಕು. ಅದೇ ತಂತಿಯಲ್ಲಿ ನಷ್ಟ ಹದಿನಾರರಲ್ಲಿ ಒಂದು ಭಾಗ. ಆ ದಿನ ಬರೆಸಿದ ಒಂದು ಸಾಲು ಇಂದು ಕೋಟಿಗಟ್ಟಲೆ ರೂಪಾಯಿಯ ವಿನ್ಯಾಸವನ್ನು ನಿರ್ಧರಿಸುತ್ತಿದೆ. ಮೇಷ್ಟ್ರಿಗೆ ಇಲ್ಲಿಂದಲೇ ಕೈ ಮುಗಿಯುತ್ತೇನೆ.

ಈ ಎಲ್ಲ ಪ್ರಯತ್ನ ಫಲ ಕೊಟ್ಟಿದೆಯೇ? ಕೊಟ್ಟಿದೆ. 2020ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ 2010ರಿಂದ 2018ರವರೆಗೆ ಜಗತ್ತಿನ ಡೇಟಾ ಸೆಂಟರ್‌ಗಳ ಕೆಲಸ ಆರೂವರೆ ಪಟ್ಟಾಯಿತು, ಕರೆಂಟು ಹೆಚ್ಚಿದ್ದು ಸುಮಾರು ಶೇ. 6 ಮಾತ್ರ. ಆದರೆ ಆ ನೆಮ್ಮದಿಯ ಕಾಲ ಮುಗಿಯಿತು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಡೇಟಾ ಸೆಂಟರ್‌ಗಳು ಬಳಸಿದ್ದು ಸುಮಾರು 41,500 ಕೋಟಿ ಯೂನಿಟ್, ಜಗತ್ತಿನ ವಿದ್ಯುತ್ತಿನಲ್ಲಿ ಶೇ. 1.5. 2030ಕ್ಕೆ ಇದು ಎರಡು ಪಟ್ಟು ಮೀರಬಹುದು. ಮುಖ್ಯ ಕಾರಣ ಕೃತಕ ಬುದ್ಧಿಮತ್ತೆ. ಅದಕ್ಕೆ ಬಳಸುವ ಎಚ್100 ಎಂಬ ಒಂದೇ ಚಿಪ್ 700 ವಾಟ್‌ವರೆಗೆ ಎಳೆಯುತ್ತದೆ. ಅಂಥ ಎಂಟು ಚಿಪ್ ಇರುವ ಒಂದು ಸರ್ವರ್ 10 ಕಿಲೋವಾಟ್ ದಾಟುತ್ತದೆ. ನಮ್ಮ ಹೊಲಗಳಲ್ಲಿರುವ ಐದು ಎಚ್.ಪಿ. ಪಂಪ್‌ಸೆಟ್ಟುಗಳು ಎರಡು ಒಟ್ಟಿಗೆ ಓಡಿದಷ್ಟು, ಅದೂ ದಿನವಿಡೀ.

ನೀರಿನ ಮಾತನ್ನೂ ಹೇಳಲೇಬೇಕು. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದು ಆವಿಯಾಗುವ ನೀರು ಶಾಖ ಒಯ್ಯುವುದರಿಂದ. ಹಲವು ಡೇಟಾ ಸೆಂಟರ್‌ಗಳು ತಂಪಾಗುವುದೂ ಹೀಗೆಯೇ. ಲೆಕ್ಕ ಹಾಕಿದರೆ ಒಂದು ಯೂನಿಟ್ ಶಾಖವನ್ನು ಆವಿಯ ಮೂಲಕ ಹೊರಹಾಕಲು ಸುಮಾರು ಒಂದೂವರೆ ಲೀಟರ್ ನೀರು ಬೇಕು. ನೀರು ಉಳಿಸಲು ಹೋದರೆ ಎ.ಸಿ. ಯಂತ್ರಗಳಿಗೆ ಹೆಚ್ಚು ಕರೆಂಟು, ಕರೆಂಟು ಉಳಿಸಲು ಹೋದರೆ ಹೆಚ್ಚು ನೀರು. 2023ರಲ್ಲಿ ಮಳೆ ಕೈಕೊಟ್ಟಾಗ ತ್ರೀ ಫೇಸ್ ಕರೆಂಟಿಗೆ ರೈತರು ಪಟ್ಟ ಪಾಡನ್ನೂ, ಮರುವರ್ಷದ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಟ್ಯಾಂಕರ್ ನೀರಿಗೆ ಜನ ಕಾದದ್ದನ್ನೂ ನಾವು ನೋಡಿದ್ದೇವೆ. ಪಂಪ್‌ಸೆಟ್ಟಿಗೂ ಸರ್ವರಿಗೂ ಕರೆಂಟು ಬರುವುದು ಒಂದೇ ಜಾಲದಿಂದ. ಅಲ್ಲಿ ಪೋಲಾಗುವ ಒಂದೊಂದು ಯೂನಿಟ್ಟೂ ಇನ್ಯಾರದೋ ಪಾಲಿನದು. ಈ ಕೆಲಸ ಕಂಪನಿಯ ಬಿಲ್ಲು ಕಡಿಮೆ ಮಾಡುವುದಕ್ಕಷ್ಟೇ ಅಲ್ಲ ಎಂದು ನಾನು ನಂಬಿರುವುದು ಇದೇ ಕಾರಣಕ್ಕೆ.

ಈಗ ನಮ್ಮ ಶಾಲೆಯ ವಿಷಯ. ಸುವರ್ಣ ಮಹೋತ್ಸವದ ನೆನಪಿಗೆ ಕಂಪ್ಯೂಟರ್ ಲ್ಯಾಬಿಗೆ ಒಂದು ಸರ್ವರ್ ಕೊಡಬೇಕು, ಕಂಪನಿಯೊಂದು ಬಳಸಿ ಬಿಟ್ಟ ಹಳೆಯ ಸರ್ವರ್ ಬಿಟ್ಟಿಯಾಗಿ ಸಿಗುತ್ತದೆ ಎಂಬ ಮಾತು ಹಳೆಯ ವಿದ್ಯಾರ್ಥಿಗಳಲ್ಲಿ ನಡೆದಿದೆ. ಒಳ್ಳೆಯ ಮನಸ್ಸಿನ ಮಾತು. ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಎನ್ನುತ್ತಾರೆ. ಎಣಿಸುವುದು ಬೇಡ, ಆದರೆ ಅದು ತಿನ್ನುವ ಮೇವಿನ ಲೆಕ್ಕವನ್ನಾದರೂ ಹಾಕೋಣ. ಅಂಥ ಯಂತ್ರ ಸುಮ್ಮನೆ ಕೂತಾಗ 150 ವಾಟ್ ಎಂದುಕೊಂಡರೂ ತಿಂಗಳಿಗೆ 108 ಯೂನಿಟ್. ಜೊತೆಗೆ ಶಾಖ, ಗಿರಣಿಯಂಥ ಸದ್ದು, ಆಗಾಗ ಹೋಗುವ ಕರೆಂಟಿಗೆ ದೊಡ್ಡ ಯು.ಪಿ.ಎಸ್. ನಮ್ಮ ಮಕ್ಕಳಿಗೆ ಬೇಕಾದದ್ದು ಪಾಠದ ವಿಡಿಯೋಗಳು, ಪುಸ್ತಕಗಳು, ಅಭ್ಯಾಸದ ಪ್ರಶ್ನೆಗಳು ಲ್ಯಾಬಿನೊಳಗೇ ಸಿಗುವ ವ್ಯವಸ್ಥೆ. ಅಂಗೈಯಗಲದ ಒಂದು ಮಿನಿ ಕಂಪ್ಯೂಟರ್ ಅದನ್ನು ಮಾಡುತ್ತದೆ. ಖಾಲಿ ಕೂತಾಗ ಹತ್ತು ವಾಟ್ ಎಂದರೆ ತಿಂಗಳಿಗೆ 7 ಯೂನಿಟ್ ಚಿಲ್ಲರೆ. ಒಂದು ಸಣ್ಣ ಸೋಲಾರ್ ಫಲಕ ಮತ್ತು ಬ್ಯಾಟರಿಯಲ್ಲೂ ಅದನ್ನು ನಡೆಸಬಹುದು. ಹಳೆಯ ಸರ್ವರ್ ಬಂದೇ ಬಂದರೆ ಮುಚ್ಚಳ ತೆಗೆದು ಮಕ್ಕಳಿಗೆ ಒಳಗಿನ ಭಾಗಗಳನ್ನು ತೋರಿಸಲು ಇಟ್ಟುಕೊಳ್ಳೋಣ, ಸ್ವಿಚ್ ಹಾಕುವುದು ಬೇಡ. ಮಿನಿ ಕಂಪ್ಯೂಟರ್ ಕೊಡುವುದಾದರೆ ಅದನ್ನು ಹೊಂದಿಸಿಕೊಡುವುದು, ವರ್ಷಕ್ಕೆ ಎರಡು ಸಲ ಬಂದು ನೋಡಿಹೋಗುವುದು ನನ್ನ ಜವಾಬ್ದಾರಿ. ಸಮಿತಿಯ ಹಿರಿಯರು ದಯಮಾಡಿ ಇದನ್ನು ಪರಿಶೀಲಿಸಬೇಕು.

ವಿದ್ಯಾರ್ಥಿಗಳಿಗೆ ಒಂದು ಮನೆಗೆಲಸ. ಒಂದು ವಾರ ದಿನವೂ ಶಾಲೆಯ ಮೀಟರನ್ನು ಸಂಜೆ ಬೀಗ ಹಾಕುವಾಗ ಒಮ್ಮೆ, ಬೆಳಿಗ್ಗೆ ಬೀಗ ತೆಗೆಯುವಾಗ ಒಮ್ಮೆ ಓದಿ ಬರೆದಿಡಿ. ಯಾರೂ ಇಲ್ಲದ ರಾತ್ರಿಯಲ್ಲಿ ಎಷ್ಟು ಯೂನಿಟ್ ಹೋಯಿತು, ಯಾವ ಯಂತ್ರ ಅದನ್ನು ತಿಂದಿತು ಎಂದು ಹುಡುಕಿ. ಬೆಂಗಳೂರಿನಲ್ಲಿ ನನಗೆ ಸಂಬಳ ಕೊಡುವುದು ಹೆಚ್ಚುಕಡಿಮೆ ಇದೇ ಕೆಲಸಕ್ಕೆ.